ಎರಡನೆಯ ಮಿಂಚು

ಕಂಪ್ಲಿಯಲ್ಲಿ ಮದುವೆಯಾದ ಮೂರನೆಯ ದಿನಕ್ಕೆ ಬೀಗರು ಜಗಳ ತೆಗೆಯದಿದ್ದರೆ ಆ ಮದುವೆಗೆ ಏನೋ ಕಮ್ಮಿಯಾಯಿತು ಎಂದೇ ಅರ್ಥ. ಹೋಳಿಗೆಗೆ ತುಪ್ಪ ಸಾಲಲಿಲ್ಲ ಎಂದೋ, ಅತ್ತಿಗೆಗೆ ಉಡಿಸಿದ ಸೀರೆಯ ಅಂಚು ಕಿರಿದಾಯಿತು ಎಂದೋ ಒಂದು ನೆಪ ಸಿಕ್ಕೇ ಸಿಗುತ್ತದೆ. ಆದರೆ ಅಕ್ಕಿ ಗಿರಣಿಯ ಸಂಗಮ್ಮನವರ ಮೊಮ್ಮಗ ವೀರೇಶನ ಮದುವೆಯಲ್ಲಿ ಗಂಡಿನವರೂ ಹೆಣ್ಣಿನವರೂ ಹಾಲು ಸಕ್ಕರೆಯ ಹಾಗೆ ಒಂದಾದರು. ಹಾಗೆ ಒಂದಾಗಿ ಇಬ್ಬರೂ ಸೇರಿಕೊಂಡು, ಫೋಟೋ ತೆಗೆದ ಪಂಪಾವತಿಯ ಮೇಲೆ ಜಗಳಕ್ಕೆ ಬಂದರು. ಅವಳು ಒಂದು ಫೋಟೋ ನುಂಗಿದ್ದಾಳೆ ಎಂಬುದು ಆರೋಪ.

ಪಂಪಾವತಿ ಎಮ್ಮಿಗನೂರಿನವಳು. ಕಂಪ್ಲಿಯ ಬಸ್ ಸ್ಟ್ಯಾಂಡಿನ ಹಿಂದೆ ಅವಳದೊಂದು ಪುಟ್ಟ ಸ್ಟುಡಿಯೋ. ವಯಸ್ಸು ಇಪ್ಪತ್ತೊಂಬತ್ತು, ಅದರಲ್ಲಿ ಹನ್ನೊಂದು ವರ್ಷ ಕ್ಯಾಮೆರಾ ಕೊರಳಲ್ಲೇ ಕಳೆದಿದೆ. ಅವಳ ತಾಳಿ ಫೋಟೋ ಎಂದರೆ ಸಂಡೂರಿನವರೂ ಹೊಸಪೇಟೆಯವರೂ ಹುಡುಕಿಕೊಂಡು ಬರುತ್ತಿದ್ದರು. ಉಳಿದ ಫೋಟೋದವರು ಅರ್ಧ ಕ್ಷಣ ತಡವಾಗಿ ಒತ್ತಿ, ಮೂಗಿನ ತುಂಬ ಅಕ್ಕಿಕಾಳು ಬಿದ್ದ ಮದುಮಗಳನ್ನು ಹಿಡಿಯುತ್ತಿದ್ದರು. ಪಂಪಾವತಿಯ ಫೋಟೋದಲ್ಲಿ ವರನ ಬೆರಳು ಗಂಟು ಬಿಗಿಯುತ್ತಿರುತ್ತಿತ್ತು, ವಧುವಿನ ರೆಪ್ಪೆ ಆಗತಾನೆ ಬಾಗುತ್ತಿತ್ತು, ಅಕ್ಕಿಕಾಳು ಇನ್ನೂ ಗಾಳಿಯಲ್ಲಿರುತ್ತಿತ್ತು. "ಏನ್ ಕಣ್ಣವ್ವಾ ಈಕೀದು!" ಎಂದು ಜನ ಬೆರಗಾಗುತ್ತಿದ್ದರು.

ಗುಟ್ಟು ಏನೆಂದರೆ ಅದರಲ್ಲಿ ಅವಳ ಕಣ್ಣಿನ ಕೆಲಸ ಅಷ್ಟಕ್ಕಷ್ಟೇ. ಅವಳಿಗೆ ವಿದ್ಯೆ ಕಲಿಸಿದ ಕೆಂಚಣ್ಣ ಎಂಬ ಹಳೆಯ ಫೋಟೋಗ್ರಾಫರ್ ಮೊದಲ ಆರು ತಿಂಗಳು ಕ್ಯಾಮೆರಾ ಮುಟ್ಟಗೊಡಲಿಲ್ಲ. ಎದುರು ಕುಳಿತು ಒಂದು ಬೆಂಕಿಪೊಟ್ಟಣವನ್ನು ಮೇಲೆ ಹಿಡಿದು ಬಿಡುತ್ತಿದ್ದ, ಕೆಳಗೆ ಎರಡು ಬೆರಳು ಅಗಲಿಸಿಕೊಂಡು ಅವಳು ಹಿಡಿಯಬೇಕಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ಹತ್ತರಲ್ಲಿ ಎಂಟು ಸಲ ಪೊಟ್ಟಣ ನೆಲ ಕಾಣುತ್ತಿತ್ತು. ಒಂದು ದಿನ ಅವನು ಕೈ ಬಿಡುವ ಹೊತ್ತಿಗೇ ನಾಲಿಗೆಯಿಂದ ಟಕ್ ಎಂದು ಸದ್ದು ಮಾಡತೊಡಗಿದ. ಹತ್ತರಲ್ಲಿ ಎಂಟು ಸಲ ಪೊಟ್ಟಣ ಬೆರಳ ನಡುವೆ!

"ತಿಳೀತಿಲ್ಲೋ? ಕಣ್ಣು ಸಾವ್ಕಾರ ಇದ್ದಂಗ. ಎದ್ದು ಕುಂದ್ರಾಕ ಟೈಮ್ ತಗೊಂತೈತಿ. ಕಿವಿ ಆಳಮನಿಷಾ, ಕರಿಯೋದ್ರಾಗ ಓಡಿ ಬರ್ತೈತಿ," ಎಂದಿದ್ದ ಕೆಂಚಣ್ಣ.

ಆದ್ದರಿಂದ ಪಂಪಾವತಿ ಮುಹೂರ್ತದ ಹೊತ್ತಿಗೆ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಗಂಟು ಬಿಗಿಯುವುದನ್ನು ನೋಡುವ ಕೆಲಸ ಡೋಲಿನ ಮಲ್ಲಿಕಾರ್ಜುನನದು. ಕಡ್ಡಿರಾಂಪುರದ ಆ ಮನುಷ್ಯ ವರನ ಬೆರಳಿನ ಮೇಲೇ ಕಣ್ಣು ನೆಟ್ಟು, ಗಂಟು ಕೂತ ಗಳಿಗೆಗೆ ಢಂ ಎಂದು ಒಂದೇ ಒಂದು ಪೆಟ್ಟು ಹಾಕುತ್ತಿದ್ದ. ಅದರ ಬೆನ್ನಿಗೆ ಸನಾದಿ, ತಾಳ, ಗಟ್ಟಿಮೇಳ, ಅಕ್ಕಿಕಾಳು. ಆ ಒಂದು ಢಂಗೆ ಪಂಪಾವತಿಯ ಬೆರಳು ತಾನಾಗಿ ಒತ್ತುತ್ತಿತ್ತು. ಏಳು ವರ್ಷದಿಂದ ಹೀಗೇ ನಡೆದಿತ್ತು. ಅವನ ಪೆಟ್ಟಿನಿಂದಲೇ ತನ್ನ ಹೆಸರು ಎಂದು ಅವಳು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ಏಳು ವರ್ಷದಲ್ಲಿ ಅವರ ನಡುವೆ ಆದ ಮಾತೆಂದರೆ "ಊಟ ಆತೇನ್ರಿ?", "ಆತ್ರಿ", ಇಷ್ಟೇ.

ವೀರೇಶನ ಮದುವೆಯ ದಿನ ಒಂದು ಸಣ್ಣ ವ್ಯತ್ಯಾಸವಾಗಿತ್ತು. ಕ್ಯಾಮೆರಾ ಕಣ್ಣಿಗೇರಿಸುವ ಮುನ್ನ ಅವಳು ಮಲ್ಲಿಕಾರ್ಜುನನ ಕಡೆ ನೋಡಿ ನಕ್ಕಿದ್ದಳು. ಯಾಕೆ ನಕ್ಕೆ ಎಂದು ಕೇಳಿದ್ದರೆ, ಅವನ ಪೇಟದ ತುರಾಯಿ ಕಿವಿಯ ಮೇಲೆ ಜೋತುಬಿದ್ದಿತ್ತು ಎನ್ನುತ್ತಿದ್ದಳು. ಯಾರೂ ಕೇಳಲಿಲ್ಲ.

ಮೂರನೆಯ ದಿನ ಗಿರಣಿಯವರ ಪಡಸಾಲೆಯಲ್ಲಿ ಫೋಟೋ ನೋಡುವ ಸಂಭ್ರಮ. ಬೀಗರ ಊಟಕ್ಕೆಂದು ಹೊಸಪೇಟೆಯಿಂದ ಹೆಣ್ಣಿನ ಕಡೆಯವರೂ ಬಂದಿದ್ದರು. ತಾಳಿ ಫೋಟೋ ಸಂಗಮ್ಮನವರ ಕೈಗೆ ಬಂತು. ಅದರಲ್ಲಿ ಬಲಗಡೆ ವಧುವಿನ ಅಜ್ಜಿ ಗಂಗಾಂಬಿಕಾ ಮಂದಹಾಸ ಬೀರುತ್ತ ಅಕ್ಕಿಕಾಳು ಹಾಕುತ್ತಿದ್ದರು. ಎಡಗಡೆ ವರನ ಅಜ್ಜಿ, ಅಂದರೆ ಸಾಕ್ಷಾತ್ ಸಂಗಮ್ಮನವರು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ಅಷ್ಟಗಲ ತೆರೆದು, ಹಲ್ಲಿನ ಡಾಕ್ಟರ ಮುಂದೆ ಕುಳಿತವರ ಹಾಗೆ ಕಾಣುತ್ತಿದ್ದರು.

"ಇದು ಮೊದಲನೇದು," ಎಂದು ಸಂಗಮ್ಮ ಫೋಟೋ ಬೋರಲು ಇಟ್ಟರು. "ಎರಡನೇದು ತಗಿ."

"ಎರಡನೇದು ಇಲ್ಲರಿ ಅಮ್ಮಾರ. ತಾಳಿಗೆ ನಾ ಒಂದೇ ಹೊಡಿಯೋದು," ಎಂದಳು ಪಂಪಾವತಿ.

"ಏನ್ ಸುಳ್ಳು ಹೇಳ್ತಿಯವ್ವಾ! ಎರಡು ಸಲ ಮಿಂಚು ಹೊಡೀತು. ಮೊದಲನೇ ಮಿಂಚಿಗೆ ನಾ ಬೆಚ್ಚಿದೆ, ಖರೆ. ಬೆಚ್ಚಿದ್ದು ತಿಳಿದು ಬಾಯಿ ಮುಚ್ಚಿ, ಸೆರಗು ಸರಿ ಮಾಡ್ಕೊಂಡು, ನಕ್ಕೆ. ಆವಾಗ ಎರಡನೇದು ಹೊಡೀತು."

ರೆಪ್ಪೆ ಬಡಿಯುವುದರೊಳಗೆ ಇಷ್ಟೆಲ್ಲ ಮಾಡಬಲ್ಲ ಎಂಬತ್ತೆರಡರ ಹಿರಿಯರು ಕಂಪ್ಲಿಯಲ್ಲಿ ಅವರೊಬ್ಬರೇ ಇರಬೇಕು. ಪಂಪಾವತಿ ಆಸೆಯಿಂದ ಗಂಗಾಂಬಿಕಾ ಅವರ ಕಡೆ ನೋಡಿದಳು. ಫೋಟೋದಲ್ಲಿ ಚೆನ್ನಾಗಿ ಬಿದ್ದವರು ಅವರೇ, ಅವರಾದರೂ ಒಂದೇ ಎಂದಾರು.

"ಎರಡು ಹೊಡೀತು ಬಿಡ್ರಿ, ನಾನೂ ನೋಡೀನಿ. ಇದರಾಗ ನನ್ನ ಒಂದ ಕಿವಿ ಬುಗುಡಿ ಕಾಣ್ತೈತಿ. ಎರಡನೇದರಾಗ ಎರಡೂ ಬಿದ್ದಿರ್ತಾವ," ಎಂದರು ಗಂಗಾಂಬಿಕಾ.

ವಧು ಶಾಂಭವಿ ಕೂಡ ಪಿಸುಗುಟ್ಟಿದಳು. "ನಂಗೂ ಎರಡು ಕಂಡಂಗಾತು ಅಕ್ಕಾ."

ಪಂಪಾವತಿ ಕ್ಯಾಮೆರಾದಲ್ಲಿದ್ದ ಫೋಟೋಗಳ ಅಂಕಿ ತೋರಿಸಿದಳು, ಮಧ್ಯೆ ಒಂದೂ ತಪ್ಪಿಲ್ಲ ಎಂದಳು. ತನ್ನ ದೊಡ್ಡ ಫ್ಲ್ಯಾಶ್ ಒಮ್ಮೆ ಹೊಡೆದರೆ ಎರಡು ಸೆಕೆಂಡು ಸುಧಾರಿಸಿಕೊಳ್ಳದೆ ಮತ್ತೆ ಹೊಡೆಯುವುದಿಲ್ಲ ಎಂದಳು. ಸಂಗಮ್ಮ ಎಲ್ಲ ಕೇಳಿಸಿಕೊಂಡರು.

"ಒಬ್ಬರು ಹೇಳಿದ್ರ ಬಿಡ್ತಿದ್ದೆ. ನಾಕನೂರು ಮಂದಿ ಕಣ್ಣು ಸುಳ್ಳಾ? ನಿಂದೊಂದ ಖರೆನಾ? ಬರೋ ಐತಾರ ಮಲಪನಗುಡ್ಯಾಗ ನನ್ನ ತಮ್ಮನ ಮೊಮ್ಮಗಳ ಮದುವಿ ಐತಿ. ಅಷ್ಟರಾಗ ನನ್ನ ನಗಿ ನಂಗ ತಂದುಕೊಡು. ಇಲ್ಲಾಂದ್ರ ಫೋಟೋ ಕಳ್ಳಿ ಅಂತ ಊರಿಗೆಲ್ಲ ನಾನ ಹೇಳ್ತೀನಿ."

ಕಳ್ಳಿ ಎಂಬ ಮಾತು ಪಂಪಾವತಿಯ ಎದೆಗೆ ನಾಟಿತು. ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡು ಹೊರಬಂದಳು. ಅಷ್ಟರಮಟ್ಟಿಗೆ ಅವಳು ನುಂಗಿದ್ದು ನಿಜ.

ಇನ್ನು ಸಂಗಮ್ಮನವರು ಊರಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಹತ್ತು ಬಾಯಿ ಸೇರಿದರೆ ಆಡೂ ನಾಯಿಯಾಗುತ್ತದೆ, ಇಲ್ಲಿ ನಾನೂರು ಬಾಯಿ. ಎರಡು ದಿನದಲ್ಲಿ ಆ ಎರಡನೆಯ ಫೋಟೋ ಮೈಕೈ ತುಂಬಿಕೊಂಡು ಬೆಳೆಯಿತು. ಹೂವಿನ ತಾಯಕ್ಕ ಸ್ಟುಡಿಯೋಗೇ ಬಂದು, "ಎರಡನೇದರಾಗ ನಾ ಮಾಲಿ ಹಿಡ್ಕೊಂಡು ನಿಂತೀನಿ, ನಂಗೊಂದು ಕಾಪಿ ಕೊಡವ್ವಾ" ಎಂದಳು. ಅಡುಗೆಯ ಅಂಜಿನೇಯ ಆ ಹೊತ್ತಿನಲ್ಲಿ ಹಿತ್ತಲಲ್ಲಿ ಬದನೇಕಾಯಿ ಎಣಗಾಯಿ ತಿರುವುತ್ತಿದ್ದವನು. ಅವನೂ ತಾನು ಬಾಗಿಲ ಸಂದಿಯಿಂದ ಇಣುಕಿದ್ದು ಅದರಲ್ಲಿ ಬಂದಿದೆ ಎಂದು ಸಾರಿದ. ಮಿರ್ಚಿ ಬಂಡಿಯ ಮುಂದೆ ನಿಂತವರೆಲ್ಲ ತಂತಮ್ಮ ಮುಖ ಆ ಫೋಟೋದಲ್ಲಿ ಎಲ್ಲಿದೆ, ಹೇಗಿದೆ ಎಂದು ವಿವರಿಸತೊಡಗಿದರು. ಅದರಲ್ಲಿ ಯಾರ ಕಣ್ಣೂ ಮುಚ್ಚಿರಲಿಲ್ಲ, ಯಾರ ಹೊಟ್ಟೆಯೂ ಮುಂದೆ ಬಂದಿರಲಿಲ್ಲ, ಬೋಳು ತಲೆಗಳೂ ಅಷ್ಟಾಗಿ ಹೊಳೆಯುತ್ತಿರಲಿಲ್ಲ. ಪಂಪಾವತಿ ಹನ್ನೊಂದು ವರ್ಷದಲ್ಲಿ ತೆಗೆದ ಅತ್ಯುತ್ತಮ ಫೋಟೋ ಅವಳು ತೆಗೆಯದೇ ಇದ್ದದ್ದು!

ಬುಧವಾರ ಅವಳು ಆಲ್ಬಮ್ ಕೆಲಸಕ್ಕೆ ಹೊಸಪೇಟೆಗೆ ಹೋಗಿದ್ದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಶಾಂಭವಿ ಯಾರದೋ ಮೊಬೈಲಿನ ವಿಡಿಯೋ ಕಳಿಸಿದ್ದಳು. ಅದರಲ್ಲಿ ಮಂಟಪ, ಪುರೋಹಿತರು, ತಾಳಿ ಹಿಡಿದ ವೀರೇಶನ ಕೈ ಎಲ್ಲ ಇತ್ತು. ಡೋಲು ಬಾರಿಸಿತು, ಫ್ಲ್ಯಾಶ್ ಹೊಡೆಯಿತು.

ಎರಡು ಸಲ.

ಪಂಪಾವತಿ ವಿಡಿಯೋವನ್ನು ಹಿಂದಕ್ಕೆ ಎಳೆದಳು. ಮತ್ತೆ ನೋಡಿದಳು. ಚಕ್ ಚಕ್ ಎಂದು ಸ್ಪಷ್ಟವಾಗಿ ಎರಡು ಮಿಂಚು. ಹಾಗಾದರೆ ನನ್ನ ಬೆರಳು ನನಗೇ ತಿಳಿಯದೆ ಎರಡು ಸಲ ಒತ್ತಿತೆ? ಇನ್ನೊಂದು ಫೋಟೋ ನಿಜವಾಗಿಯೂ ಇತ್ತೆ, ನಾನೇ ಅಳಿಸಿದೆನೆ? ಹನ್ನೊಂದು ವರ್ಷ ನಂಬಿಕೊಂಡು ಬಂದ ಕೈ ತನ್ನದಲ್ಲ ಅನ್ನಿಸಿ ಅವಳಿಗೆ ಗಾಬರಿಯಾಯಿತು. ಏಳನೆಯ ಸಲ ನೋಡುವ ಹೊತ್ತಿಗೆ ಬಸ್ಸು ಮಲಪನಗುಡಿ ದಾಟಿತ್ತು, ಪಕ್ಕದ ಸೀಟಿನ ಗೌಡರ ತಾಳ್ಮೆಯೂ ಗಡಿ ದಾಟಿತ್ತು.

"ಯವ್ವಾ, ಆ ಡೋಲು ಒಂದೀಟು ಬಂದ್ ಮಾಡವ್ವಾ. ಮದುವಿ ಆದವರಿಗೆ ಭಾಳ ತ್ರಾಸ ಆಕ್ಕೈತಿ," ಎಂದರು ಅವರು.

ಅವಳು ಸದ್ದು ಪೂರ್ತಿ ಕಡಿಮೆ ಮಾಡಿ ಎಂಟನೆಯ ಸಲ ನೋಡಿದಳು. ಒಂದೇ ಮಿಂಚು ಕಂಡಿತು.

ಕಣ್ಣುಜ್ಜಿಕೊಂಡು ನೋಡಿದಳು. ಒಂದೇ. ಸದ್ದು ಹಾಕಿದಳು. ಎರಡು. ಸದ್ದು ತೆಗೆದಳು. ಒಂದು. ಕಿವಿಗೊಟ್ಟು ಕೇಳಿದರೆ ಡೋಲಿನ ಪೆಟ್ಟು ಢಂ ಅಲ್ಲ, ಢಢಂ! ಎರಡು ಪೆಟ್ಟು ಕೇಳಿದ ತಲೆ ಮಿಂಚನ್ನೂ ಎರಡು ಮಾಡಿಕೊಂಡಿದೆ. ಕೆಂಚಣ್ಣ ಹೇಳಿದ್ದ ಆಳು ಎರಡು ಸಲ ಕೂಗಿದ್ದಾನೆ, ಸಾವ್ಕಾರ ಎರಡು ಸಲ ಎದ್ದು ಕೂತಿದ್ದಾನೆ! ಪಂಪಾವತಿ ಬಸ್ಸಿನಲ್ಲೇ ಕಿಲಕಿಲನೆ ನಕ್ಕುಬಿಟ್ಟಳು. ಗೌಡರ ಮುಂದೆ ಮೊಬೈಲು ಹಿಡಿದು "ಎಷ್ಟು ಮಿಂಚು ಹೇಳ್ರಿ?" ಎಂದಳು. ಗೌಡರು ಎರಡು ಎಂದರು, ಸದ್ದು ತೆಗೆದರೆ ಒಂದು ಎಂದರು, ಮೊಬೈಲು ಕಸಿದುಕೊಂಡು ಹಿಂದಿನ ಸೀಟಿಗೆ ತೋರಿಸಿದರು. ಮೊಬೈಲು ಸೀಟಿನಿಂದ ಸೀಟಿಗೆ ಹೋಯಿತು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ಢಢಂ ಕೇಳುತ್ತ ನಿಂತ. ಡ್ರೈವರ್ ಮಾತ್ರ "ನಂಗೂ ತೋರಿಸ್ರಲೇ" ಎಂದು ಗೋಗರೆದ, ಪುಣ್ಯಕ್ಕೆ ಯಾರೂ ತೋರಿಸಲಿಲ್ಲ.

ಕಮಲಾಪುರದಲ್ಲಿ ಅವಳು ಇಳಿದೇಬಿಟ್ಟಳು. ಆಟೋ ಹಿಡಿದು ಕಡ್ಡಿರಾಂಪುರಕ್ಕೆ ಬಂದಳು. ಮದುವೆಯಿಲ್ಲದ ದಿನ ಮಲ್ಲಿಕಾರ್ಜುನ ರಸ್ತೆಬದಿಯ ತನ್ನ ಅಕ್ಕನ ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಪೇಟವಿಲ್ಲದ ಅವನ ತಲೆಯನ್ನು ಅವಳು ನೋಡಿದ್ದು ಇದೇ ಮೊದಲು.

"ಊಟ ಆತೇನ್ರಿ?" ಎಂದ ಅವನು, ಅಭ್ಯಾಸಬಲದಿಂದ.

"ಊಟ ಇರ್ಲಿ. ವೀರೇಶನ ಮದುವ್ಯಾಗ ಎಷ್ಟು ಪೆಟ್ಟು ಹಾಕಿದ್ರಿ?"

ಅವನ ಚಾಕು ನಿಂತಿತು. "ಎರಡು ಬಿದ್ವು ರೀ. ಕೈ ಜಾರ್ತು."

"ಏಳು ವರ್ಷ ಜಾರದ ಕೈ ಅವತ್ತ ಯಾಕ ಜಾರ್ತು?"

"ಬೆವರು ರೀ," ಎಂದು ಅವನು ಈರುಳ್ಳಿಗೆ ಉತ್ತರ ಹೇಳಿದ. ಆಮೇಲೆ ತಲೆ ಎತ್ತದೆಯೇ ಇನ್ನೊಂದು ಮಾತು ಸೇರಿಸಿದ. "ನೀವು ನನ್ನ ಪೆಟ್ಟಿಗೇ ಒತ್ತತೀರಿ ಅಂತ ನಂಗೊತ್ತೈತಿ. ಅದಕ್ಕ ಒಂದು ದಿನಾನೂ ಹೆಚ್ಚುಕಮ್ಮಿ ಮಾಡಿರಲಿಲ್ಲ. ತಪ್ಪಾತ್ರಿ."

ಪಂಪಾವತಿ ಬಗ್ಗಿ ಅವನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು. ಈರುಳ್ಳಿಯದೇ ಇರಬೇಕು ಎಂದುಕೊಂಡಳು.

ಮಾರನೆಯ ದಿನ ಅವಳು ಗೆದ್ದೆನೆಂಬ ಹುರುಪಿನಲ್ಲಿ ಸಂಗಮ್ಮನವರ ಮುಂದೆ ಮೊಬೈಲು ಹಿಡಿದಳು. ಸದ್ದಿದ್ದಾಗ ಎರಡು, ಸದ್ದಿಲ್ಲದಾಗ ಒಂದು. ಸಂಗಮ್ಮ ನಾಲ್ಕು ಸಲ ನೋಡಿದರು. ನೋಡಿ ಗಿರಣಿ ನಡೆಸಿದವರ ತರ್ಕ ಹೂಡಿದರು.

"ಮಷೀನ್ ಅಂದ್ರ ಎಲ್ಲಾ ಒಂದಕ್ಕೊಂದು ಬೆಲ್ಟ್ ಹಾಕಿರ್ತೈತಿ. ನೀ ಸೌಂಡಿನ ಬೆಲ್ಟ್ ಬಿಚ್ಚಿದಿ, ಅದರ ಕೂಡ ಒಂದು ಮಿಂಚೂ ಬಿತ್ತು. ಮೊಬೈಲಿನ ಮಾತು ನಂಗ ಬ್ಯಾಡ. ನನ್ನ ಕಣ್ಣ ಮುಂದ ಮಾಡಿ ತೋರಿಸು. ನಾಳೆ ಸಂಜಿ ನಾಕಕ್ಕ, ನಮ್ಮ ಗೋಡೌನಿನಾಗ. ನೋಡಿದವರು ಎಲ್ಲಾರೂ ಬರ್ತಾರ."

ಎಲ್ಲರೂ ಬಂದರು. ಬಂದವರನ್ನು ನೋಡಿ ಪಂಪಾವತಿ ತಲೆಯ ಮೇಲೆ ಕೈಹೊತ್ತಳು. ಎರಡನೆಯ ಫೋಟೋ ಸಿಕ್ಕಿದೆ, ಶುಕ್ರವಾರ ತೋರಿಸುತ್ತಾರೆ ಎಂದು ಯಾರೋ ಹಬ್ಬಿಸಿದ್ದರಂತೆ. ಫೋಟೋ ನೋಡಲು ಬರುವವರು ಅಲಂಕಾರ ಮಾಡಿಕೊಂಡು ಯಾಕೆ ಬರಬೇಕು ಎಂದು ಕೇಳಬೇಡಿ, ಎಲ್ಲರೂ ಮದುವೆಯ ದಿನದ ಸೀರೆ, ಅಂಗಿ, ಒಡವೆಗಳಲ್ಲೇ ಬಂದಿದ್ದರು. ಹೊಸಪೇಟೆಯಿಂದ ಗಂಗಾಂಬಿಕಾ ಎರಡೂ ಬುಗುಡಿ ಉಜ್ಜಿ ಹೊಳಪು ಮಾಡಿಸಿಕೊಂಡು ಬಂದರು. ತಾಯಕ್ಕ ಮಾಲೆ ಹಿಡಿದು ಬಂದಳು. ಅಂಜಿನೇಯ ಸೌಟು ಹಿಡಿದು ಬಂದ, ಸಾಕ್ಷಿಗಂತೆ.

ಗೋಡೌನಿನ ನೆರಳಿನಲ್ಲಿ ಅಕ್ಕಿ ಚೀಲಗಳ ಮೇಲೆ ವಧೂವರರನ್ನು ಕೂರಿಸಿ, ಸುತ್ತ ಜನರನ್ನು ಅಂದಿನ ಹಾಗೆಯೇ ನಿಲ್ಲಿಸಿದ್ದಾಯಿತು. ಪಂಪಾವತಿ ಎದುರಿಗೆ ಕ್ಯಾಮೆರಾ ಹಿಡಿದು ನಿಂತಳು. ಫ್ಲ್ಯಾಶನ್ನು ಅಂದಿನ ಹಾಗೆಯೇ ದೂರದ ಸ್ಟ್ಯಾಂಡಿನ ಮೇಲೆ ಎಡಗಡೆ ಇಟ್ಟಿದ್ದಳು. ಮಲ್ಲಿಕಾರ್ಜುನ ಬಲಗಡೆ, ಗುಂಪಿನ ತುದಿಯಲ್ಲಿ ಡೋಲು ಕಟ್ಟಿಕೊಂಡು ನಿಂತ. ಇದು ಕೈಕೊಟ್ಟರೆ ಕಳ್ಳಿ ಎಂಬ ಹೆಸರು ಸಾಯುವವರೆಗೂ ಅಂಟಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಎಲ್ಲಾರೂ ಮದುಮಕ್ಕಳನ್ನ ನೋಡ್ರಿ. ಒಂದು, ಎರಡು..."

ಢಢಂ. ಫ್ಲ್ಯಾಶ್ ಹೊಡೆಯಿತು.

"ಎಷ್ಟು?"

"ಎರಡು!" ಗೋಡೌನಿನ ತಗಡು ಅದುರಿತು.

ಪಂಪಾವತಿ ಕ್ಯಾಮೆರಾ ತಿರುಗಿಸಿ ತೋರಿಸಿದಳು. ಒಂದೇ ಫೋಟೋ. ಸಂಗಮ್ಮನವರ ಮುಖದಲ್ಲಿ ಇನ್ನೂ ನಂಬಿಕೆ ಬರಲಿಲ್ಲ. ಅವಳು ಮೊದಲೇ ತಂದಿಟ್ಟುಕೊಂಡಿದ್ದ ಹತ್ತಿಯ ಉಂಡೆಗಳನ್ನು ಕೊಟ್ಟಳು. "ಕಿವಿಯಾಗ ಗಟ್ಟಿ ತುರುಕ್ಕೋರಿ ಅಮ್ಮಾರ. ಮ್ಯಾಲ ಕೈಲೆ ಒತ್ತಿ ಹಿಡೀರಿ." ಸಂಗಮ್ಮ ಹತ್ತಿ ತುರುಕಿಕೊಂಡು ಕೈಯಿಂದ ಒತ್ತಿ ಹಿಡಿದರು. ಢಢಂ. ಫ್ಲ್ಯಾಶ್.

"ಎರಡು!" ಎಂದಿತು ಊರು.

"ಒಂದೇ!" ಎಂದು ಕಿರುಚಿದರು ಸಂಗಮ್ಮ, ಒಬ್ಬರೇ. ಹತ್ತಿ ಕಿತ್ತರು, ಮತ್ತೆ ಹೊಡೆಸಿದರು. "ಯವ್ವ ಯವ್ವಾ, ಈಗ ಎರಡು ಕಂಡ್ವಲ್ಲ! ಒಂದೇ ಐತಿ ಅಂತ ತಿಳಿದ ಮ್ಯಾಲೂ ಎರಡು ಕಾಣ್ತಾವಲ್ಲ!" ಎಂಬತ್ತೆರಡು ವರ್ಷ ಜೊತೆಗಿದ್ದ ಕಣ್ಣುಗಳು ಹೀಗೆ ಕಿವಿಯ ಮಾತು ಕೇಳುತ್ತವೆ ಎಂದು ಅವರಿಗೆ ಆವತ್ತೇ ಗೊತ್ತಾದದ್ದು. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಹೊಟ್ಟೆ ಹಿಡಿದು ನಕ್ಕರು. ಗಂಗಾಂಬಿಕಾ ಸಂಗಮ್ಮನವರ ಕೈಯಿಂದ ಹತ್ತಿ ಕಿತ್ತುಕೊಂಡು ತಮ್ಮ ಕಿವಿಗೆ ತುರುಕಿಕೊಂಡರು. ಆಮೇಲೆ ನೋಡಿ ಗದ್ದಲ. ಚೀಲದ ಬಾಯಿಗೆ ತುರುಕುವ ಬಟ್ಟೆ, ಸೆರಗಿನ ತುದಿ, ತಾಯಕ್ಕನ ಮಾಲೆಯ ಹೂವು, ಕೈಗೆ ಸಿಕ್ಕಿದ್ದನ್ನೆಲ್ಲ ಜನ ಕಿವಿಗೆ ತುರುಕಿದರು. "ನಂಗ ಒಂದು!", "ನಂಗ ಎರಡು!", "ನೇರ ನೋಡಿದ್ರ ಒಂದು, ಓರೆ ನೋಡಿದ್ರ ಎರಡು!" ಕೆಲವರಿಗೆ ಏನು ಮಾಡಿದರೂ ಒಂದೇ ಕಂಡು, ಪಾಪ, ಅವರು ಮಂಕಾದರು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಮಲ್ಲಿಕಾರ್ಜುನನ ಕೈ ಸೋಲುವವರೆಗೆ ಬಾರಿಸಿದ್ದಾಯಿತು.

"ನಿಮಗ ಎಷ್ಟು ಕಂಡ್ವು ರೀ?" ಎಂದು ಪಂಪಾವತಿ ಕೊನೆಗೆ ಅವನನ್ನೂ ಕೇಳಿದಳು.

"ನಾ ಮಿಂಚು ನೋಡ್ಲಿಲ್ರಿ," ಎಂದ ಅವನು.

ಸಂಗಮ್ಮ ಎಲ್ಲರ ಎದುರು ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮವ್ವ ಹೇಳತಿದ್ಲು. ನಾ ಪರಾಂಬರಿಸದ ನಿನ್ನ ಕಳ್ಳಿ ಅಂದೆ. ನನ್ನ ಮಾತು ನಾನ ನುಂಗಿದೆ ಮಗಳ. ಐತಾರ ನೀನ ಫೋಟೋ ತಗಿಬೇಕು."

ಪಂಪಾವತಿಗೆ ಆ ನಾಲ್ಕು ದಿನ ಹಿಡಿದಿಟ್ಟ ಅಳು ಈಗ ಬಂತು. ಸಂಗಮ್ಮನವರ ಭುಜದ ಮೇಲೆ ಮನಸಾರೆ ಅತ್ತು, ಮೂಗು ಒರೆಸಿಕೊಂಡು, ಸ್ಟುಡಿಯೋಗೆ ಬಂದಳು. ಗೋಡೌನಿನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದಳು. ಸುಮ್ಮನೆ ಪರೀಕ್ಷೆಗೆಂದು ಒತ್ತಿದ್ದವು. ಅದರಲ್ಲಿ ಒಂದನ್ನು ನೋಡಿ ಅವಳ ಕೈ ಮೌಸಿನ ಮೇಲೆಯೇ ನಿಂತಿತು.

ಎಲ್ಲರೂ ಅದರಲ್ಲಿದ್ದರು. ಮದುವೆಯ ಬಟ್ಟೆ, ತೆರೆದ ಕಣ್ಣು, ನಗುವ ಬಾಯಿ. ಗಂಗಾಂಬಿಕಾರ ಎರಡೂ ಬುಗುಡಿ, ತಾಯಕ್ಕನ ಮಾಲೆ, ಅಂಜಿನೇಯನ ಸೌಟು. ನಡುವೆ ಸಂಗಮ್ಮ, ಎರಡೂ ಕಿವಿ ಒತ್ತಿ ಹಿಡಿದುಕೊಂಡು, ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಊರೆಲ್ಲ ವರ್ಣಿಸಿದ್ದ ಎರಡನೆಯ ಫೋಟೋ ಇದೇ! ಅವಳ ಕಣ್ಣು ಬಲತುದಿಗೆ ಹೋದದ್ದು ಆಮೇಲೆ. ಈ ಸಲ ಮಿಂಚನ್ನು ಹಿಡಿದೇ ತೀರುತ್ತೇವೆಂದು ಎಲ್ಲರ ಕಣ್ಣೂ ಎಡಕ್ಕೆ, ಫ್ಲ್ಯಾಶಿನ ಕಡೆಗೆ ತಿರುಗಿದ್ದವು. ಡೋಲಿನವನೊಬ್ಬ ಮಾತ್ರ ನೇರವಾಗಿ ಕ್ಯಾಮೆರಾ ನೋಡುತ್ತಿದ್ದ. ಅಂದರೆ ಕ್ಯಾಮೆರಾದ ಹಿಂದೆ ಇದ್ದವಳನ್ನು.

ಅವಳು ಉಳಿದ ಫೋಟೋಗಳನ್ನೂ ತೆರೆದಳು. ಒಂದು, ಎರಡು, ಹನ್ನೊಂದು. ಹನ್ನೊಂದರಲ್ಲೂ ಅವನ ಕಣ್ಣು ಅಲ್ಲೇ. ಬೆವರಂತೆ ಬೆವರು! ಪಂಪಾವತಿ ಒಬ್ಬಳೇ ಕೂತು ಜೋರಾಗಿ ನಕ್ಕಳು, ಕಿವಿ ಬಿಸಿಯಾಯಿತು, ಎದ್ದು ನೀರು ಕುಡಿದಳು, ಮತ್ತೆ ಬಂದು ಹನ್ನೊಂದನ್ನೂ ನೋಡಿದಳು.

ಭಾನುವಾರ ಮಲಪನಗುಡಿಯ ಮಂಟಪ ಕಿಕ್ಕಿರಿದಿತ್ತು. ಕಂಪ್ಲಿಯ ಸುದ್ದಿ ಕೇಳಿ, ಮಿಂಚು ಎಣಿಸಲೆಂದೇ ಬಂದವರು ಬಹಳ. ಅಷ್ಟು ಜನ ಎಣಿಸುತ್ತಿರುವಾಗ ಕೈ ನಡುಗಿದರೆ ತಾಳಿ ಫೋಟೋ ತಪ್ಪುತ್ತದೆ, ತಪ್ಪಿದರೆ ಮತ್ತೆ ಕತೆ ಮೊದಲಿನಿಂದ ಶುರು. ಪಂಪಾವತಿ ಮುಹೂರ್ತಕ್ಕೆ ಮುಂಚೆ ಮಲ್ಲಿಕಾರ್ಜುನನ ಹತ್ತಿರ ಹೋಗಿ ಖಡಾಖಂಡಿತ ಹೇಳಿದಳು.

"ಇವತ್ತ ಒಂದೇ ಪೆಟ್ಟು. ಬೆವರು ಒರೆಸ್ಕೊಂಡು ನಿಲ್ರಿ."

"ಒಂದೇ ರೀ," ಎಂದು ಅವನು ಡೋಲು ಮುಟ್ಟಿ ಆಣೆ ಇಟ್ಟ.

ಮುಂದಿನ ಸಾಲಿನಲ್ಲಿ ಸಂಗಮ್ಮ ಕುಳಿತಿದ್ದರು. ಇನ್ನು ಮೇಲೆ ಮೋಸಹೋಗುವುದಿಲ್ಲ ಎಂದು ಮನೆಯಿಂದಲೇ ಹತ್ತಿ ತಂದು ಕಿವಿಗೆ ಗಟ್ಟಿಯಾಗಿ ಜಡಿದುಕೊಂಡಿದ್ದರು. ಪುರೋಹಿತರು ಸಾವಧಾನ ಹೇಳಿದರು. ವರನ ಕೈ ವಧುವಿನ ಕೊರಳ ಹಿಂದೆ ಹೋಯಿತು. ಪಂಪಾವತಿ ಕ್ಯಾಮೆರಾ ಏರಿಸಬೇಕು. ಏರಿಸುವ ಮುನ್ನ ಒಮ್ಮೆ ಮಲ್ಲಿಕಾರ್ಜುನನ ಕಡೆ ನೋಡಿದಳು. ನೋಡಬಾರದಿತ್ತು, ಗೊತ್ತಿದ್ದೇ ನೋಡಿದಳು. ತುರಾಯಿ ಆವತ್ತು ಸರಿಯಾಗೇ ಇತ್ತು. ಆದರೂ ನಕ್ಕಳು.

ಢಢಢಂ!

ಮೊದಲ ಪೆಟ್ಟಿಗೇ ಅವಳ ಬೆರಳು ಒತ್ತಿಯಾಗಿತ್ತು. ಗಂಟು, ರೆಪ್ಪೆ, ಗಾಳಿಯಲ್ಲಿ ನಿಂತ ಅಕ್ಕಿಕಾಳು, ಎಲ್ಲ ಸಿಕ್ಕಿತ್ತು. ಗಟ್ಟಿಮೇಳ ನಿಲ್ಲುತ್ತಿದ್ದಂತೆ ಮಂಟಪದ ತುಂಬ ಹುಯಿಲೆದ್ದಿತು. "ಮೂರು! ಈ ಸಲ ಮೂರು ಹೊಡೀತು! ಮೂರೂ ಫೋಟೋ ಬೇಕು!"

ಸಂಗಮ್ಮನವರಿಗೆ ಆ ಹುಯಿಲು ಮುಟ್ಟಲಿಲ್ಲ. ಕಿವಿ ಮುಚ್ಚಿದ್ದಕ್ಕೋ ಏನೋ, ಆ ದಿನ ಅವರ ಕಣ್ಣು ಮಾತ್ರ ಬಲು ಚುರುಕಾಗಿತ್ತು. ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದಾಗ ಅವರು ಬೇರೆ ಇಬ್ಬರನ್ನು ನೋಡಿದ್ದರು. ಮೆಲ್ಲಗೆ ಎದ್ದು ಪಂಪಾವತಿಯ ಹತ್ತಿರ ಬಂದು, ಅವಳ ಕಿವಿಗೆ ಬಾಯಿಟ್ಟು ಗುಟ್ಟಾಗಿ ಒಂದು ಮಾತು ಕೇಳಿದರು. ಗುಟ್ಟಾಗಿ ಎಂದು ಅವರ ಲೆಕ್ಕ. ಕಿವಿಯಲ್ಲಿ ಹತ್ತಿಯಿದ್ದವರಿಗೆ ತಮ್ಮ ದನಿಯ ಅಂದಾಜು ಎಲ್ಲಿರುತ್ತದೆ? ಗಿರಣಿಯ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಆ ಗಂಟಲು ಮಂಟಪದ ಕೊನೆಯ ಪಂಕ್ತಿಯವರೆಗೂ ಮೊಳಗಿತು.

"ಅಲ್ಲಬೇ ಪಂಪಾವತಿ, ನಿನ್ನ ಮದುವ್ಯಾಗ ಡೋಲು ಯಾರು ಬಾರಿಸ್ತಾರ? ಫೋಟೋ ಯಾರು ಹೊಡೀತಾರ?"

ಎಣಿಸುತ್ತಿದ್ದ ಜನ ಎಣಿಕೆ ಬಿಟ್ಟು ಇತ್ತ ತಿರುಗಿದರು. ಪಂಪಾವತಿ ಕ್ಯಾಮೆರಾ ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಮಲ್ಲಿಕಾರ್ಜುನ ಡೋಲಿನ ಹಿಂದೆ ಅಡಗಲು ನೋಡಿದ, ಅವಸರದಲ್ಲಿ ಕೈ ತಗುಲಿ ಅದು ಇನ್ನೊಂದು ಸಲ ಢಂ ಎಂದಿತು. ಆ ಢಂಗೆ ಅವಳ ಬೆರಳು ಅಭ್ಯಾಸದಂತೆ ಒತ್ತಿತು.